ಸೊಂಟ ಆಡ್ಲಿ ಬುಡು

ಎರಡನೇ ಹೆರಿಗೆಗೆ ಅಂತ ನಾನು 43 ಹಾಡು ಆರಿಸಿ ಫೋನಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದೆ. ಅದರಲ್ಲಿ ಕೇಳಿದ್ದು ಎರಡೂವರೆ. ಮೂರನೆಯದು ಅರ್ಧ ಆಗುವಷ್ಟರಲ್ಲಿ "ಮೊದಲು ಅದನ್ನ ಆಫ್ ಮಾಡು" ಅಂತ ಗಂಡನ ಮೇಲೆ ಕೂಗಿದೆನಂತೆ. ನನಗೆ ನೆನಪಿಲ್ಲ. ಅವನು ಮರೆತಿಲ್ಲ. ಆಗ ನಡೆಯುತ್ತಿದ್ದದ್ದು ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆ. ಪಾಪ, ಅವರದೇನೂ ತಪ್ಪಿಲ್ಲ. ಈಗಲೂ ಭಾನುವಾರದ ಕಾಫಿಗೆ ನಮ್ಮ ಮನೆಯಲ್ಲಿ ಅದೇ ವೀಣೆ. ಆದರೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ, ಬೆನ್ನಿನ ಬುಡಕ್ಕೆ ಯಾರೋ ಹಾರೆ ಹಾಕಿ ಮೀಟಿದ ಹಾಗೆ ಆಗುತ್ತಿರುವಾಗ ಆ ನಯವಾದ ಗಮಕ ಬೇಡವೇ ಬೇಡ ಅನ್ನಿಸಿಬಿಟ್ಟಿತು.

ಆ ರಾತ್ರಿ ಕೆಲಸಕ್ಕೆ ಬಂದ ಹಾಡು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಹಾಡು ಅನ್ನಬಹುದೋ ಇಲ್ಲವೋ ಅದೂ ಅನುಮಾನ. ಆದರೆ ಅಲ್ಲಿಗೆ ಬರುವುದಕ್ಕೆ ಮುಂಚೆ ಮೊದಲ ಹೆರಿಗೆಯ ಕತೆ ಹೇಳಬೇಕು.

ಅದು 2015. ಮೈಸೂರಿನಲ್ಲೇ. ಆಸ್ಪತ್ರೆಯ ಹೆಸರು ಬೇಡ, ಯಾಕೆಂದರೆ ಅವತ್ತು ಅಲ್ಲಿ ನಡೆದದ್ದು ಅಲ್ಲಿ ಮಾತ್ರ ನಡೆಯುವಂಥದ್ದಲ್ಲ. ರಾತ್ರಿ ಹನ್ನೊಂದಕ್ಕೆ ಸೇರಿಸಿಕೊಂಡರು. ಬಳೆ, ಓಲೆ, ಕಾಲುಂಗುರ ಎಲ್ಲ ಬಿಚ್ಚಿಸಿ ಅಮ್ಮನ ಕೈಗೆ ಕೊಟ್ಟರು. ಅಮ್ಮ ಬಾಗಿಲ ಆಚೆ, ನಾನು ಈಚೆ. ಒಳಗೆ ನಾಲ್ಕು ಮಂಚ, ನಡುವೆ ಒಂದೊಂದು ಹಸಿರು ಪರದೆ. ಕೈಗೆ ಡ್ರಿಪ್ ಹಾಕಿ "ಎಡಕ್ಕೆ ತಿರುಗಿ ಮಲಗು, ಏಳಬೇಡ" ಅಂತ ಹೇಳಿ ಹೋದರು. ನಾನು ಹೇಳಿದ ಮಾತು ಕೇಳುವ ಹುಡುಗಿ. ಹದಿನಾಲ್ಕು ಗಂಟೆ ಏಳಲಿಲ್ಲ.

ಪಕ್ಕದ ಮಂಚದ ಹೆಂಗಸು ಜೋರಾಗಿ ಕೂಗಿಕೊಂಡಾಗ ಒಬ್ಬರು ಅವಳಿಗೆ ಒಂದು ಮಾತು ಅಂದರು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಸಾಲುಮಂಚದ ವಾರ್ಡಿನಲ್ಲಿ ಹೆತ್ತವರಿಗೆ ಬಹಳ ಮಂದಿಗೆ ಅದು ಗೊತ್ತಿರುತ್ತದೆ. ಅದನ್ನು ಕೇಳಿದ ಮೇಲೆ ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಫ್ಯಾನಿನ ರೆಕ್ಕೆ ಎಣಿಸಿದೆ. ಮೂರೇ ಇದ್ದವು, ಎಷ್ಟು ಸಲ ಎಣಿಸಿದರೂ ಮೂರೇ. ಒಂದು ನೋವು ಮುಗಿದು ಇನ್ನೊಂದು ಬರುವುದರ ನಡುವೆ ಎರಡು ಮೂರು ನಿಮಿಷ ಬಿಡುವು ಇರುತ್ತದಲ್ಲ, ಅದನ್ನೂ ನಾನು ಹೆದರುವುದಕ್ಕೇ ಖರ್ಚು ಮಾಡಿದೆ. ಮುಂದಿನದು ಯಾವಾಗ, ಎಷ್ಟು ದೊಡ್ಡದು, ಇದಕ್ಕೆ ಕೊನೆ ಇದೆಯಾ. ಮಗ ಚೆನ್ನಾಗಿ ಹುಟ್ಟಿದ. ಮೂರು ಕೆಜಿ ಚಿಲ್ಲರೆ. ಎಲ್ಲರೂ ನಾರ್ಮಲ್ ಡೆಲಿವರಿ ಅಂದರು. ಹೌದು, ಕಾಗದದ ಮೇಲೆ ನಾರ್ಮಲ್ಲೇ.

ವಿಚಿತ್ರ ಅಂದರೆ, ಆಮೇಲೆ ನೋವು ಹೇಗಿತ್ತು ಅಂತ ಮರೆತೇ ಹೋಯಿತು. ಹೆದರಿಕೆ ಹೋಗಲಿಲ್ಲ. ಮೂರು ವರ್ಷ ಆದ ಮೇಲೆ ಮತ್ತೆ ತಿಂಗಳು ನಿಂತಾಗ ಮೊದಲು ನೆನಪಾದದ್ದು ಆ ಮೂರು ರೆಕ್ಕೆಯ ಫ್ಯಾನು.

ಭಯಕ್ಕೂ ಹೆರಿಗೆ ನೋವಿಗೂ ನಂಟಿದೆ ಅಂತ ಗ್ರ್ಯಾಂಟ್ಲಿ ಡಿಕ್-ರೀಡ್ ಅನ್ನುವ ಇಂಗ್ಲೆಂಡಿನ ಡಾಕ್ಟರು 1930ರ ದಶಕದಲ್ಲೇ ಹೇಳಿದ್ದರು. ಹೆದರಿದರೆ ಮೈ ಬಿಗಿಯುತ್ತದೆ, ಬಿಗಿದರೆ ನೋವು ಜಾಸ್ತಿ, ನೋವು ಜಾಸ್ತಿ ಆದರೆ ಹೆದರಿಕೆ ಇನ್ನೂ ಜಾಸ್ತಿ. ಗಾಣದ ಎತ್ತಿನ ಹಾಗೆ ಅದೇ ಸುತ್ತು. ಅವರು ಅಲ್ಲಿಗೇ ನಿಲ್ಲದೆ, ಹೆದರಿಕೆ ಇಲ್ಲದಿದ್ದರೆ ಹೆರಿಗೆಯಲ್ಲಿ ನೋವೇ ಇರಬೇಕಾಗಿಲ್ಲ ಅನ್ನುವಷ್ಟು ದೂರ ಹೋದರು. ಅದು ನನಗೆ ಹಿಡಿಸುವುದಿಲ್ಲ. ಹೆರದವರು ಹೇಳುವ ಮಾತು ಅದು. ಆದರೆ ಮೊದಲ ಅರ್ಧ ಸರಿ. ಗರ್ಭಕೋಶ ಹಿಂಡಿ ಹಿಂಡಿ ಮಗುವನ್ನು ಕೆಳಗೆ ತಳ್ಳುವುದಕ್ಕೆ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬೇಕು. ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸಬರು ಕೊಟ್ಟಿಗೆಗೆ ಬಂದರೆ, ಪಕ್ಕದಲ್ಲಿ ನಾಯಿ ಬೊಗಳಿದರೆ ಹಸು ಹಾಲು ಇಳಿಸುವುದಿಲ್ಲ ಅಲ್ವಾ? ಅಲ್ಲೂ ಇದೇ ಆಕ್ಸಿಟೋಸಿನ್, ಇದೇ ಅಡ್ರಿನಲಿನ್. ಹಾಲು ಕರೆಯುವಾಗ ಹಸುವಿನ ಮೈ ಸವರಿ, ಏನೋ ಗುನುಗುತ್ತಾ ಕೂರುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಸುವಿಗೆ ಕೊಡುವ ಆ ಮರ್ಯಾದೆ ಹೆರಿಗೆ ವಾರ್ಡಿನಲ್ಲಿ ಮನುಷ್ಯರಿಗೆ ಸಿಗುವುದು ಅಪರೂಪ.

ಎರಡನೇ ಬಸುರಿನಲ್ಲಿ ಐದನೇ ತಿಂಗಳ ಹೊತ್ತಿಗೆ ನಾನು ಈ ಹೆದರಿಕೆಯನ್ನು ಗೆಳತಿಯ ಹತ್ತಿರ ಹೇಳಿಕೊಂಡೆ. ಅವಳು ಫಿಸಿಯೊಥೆರಪಿಸ್ಟ್. "ನೀನು ಡ್ಯಾನ್ಸ್ ಕಲಿತವಳು ತಾನೇ? ಕುಣಿ" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಇರಾನಿನಲ್ಲಿ ಮಾಡಿದ ಒಂದು ಪ್ರಯೋಗದ ಬಗ್ಗೆ ಹೇಳಿದಳು. 2014ರಲ್ಲಿ ಅಚ್ಚಾಗಿದ್ದು. ಚೊಚ್ಚಲ ಹೆರಿಗೆಯ 60 ಹೆಂಗಸರು. ಅರ್ಧ ಜನಕ್ಕೆ ಮಾಮೂಲಿ ಆರೈಕೆ. ಇನ್ನರ್ಧ ಜನ ನೋವು ಜೋರಾದ ಮೇಲೆ ಎದ್ದು ನಿಂತು, ಸೊಂಟವನ್ನು ಹಿಂದೆ ಮುಂದೆ, ಸುತ್ತ ಆಡಿಸುತ್ತಾ ತೂಗಾಡಿದರು. ಜೊತೆಗಿದ್ದವರು ಬೆನ್ನಿನ ಬುಡ ತಿಕ್ಕಿದರು. ಅರ್ಧ ಗಂಟೆಗೆ ಕಮ್ಮಿ ಇಲ್ಲದ ಹಾಗೆ. ಕುಣಿದವರು ನೋವಿಗೆ ಕೊಟ್ಟ ಅಂಕ ಕಡಿಮೆ ಇತ್ತು, ಸಮಾಧಾನಕ್ಕೆ ಕೊಟ್ಟ ಅಂಕ ಜಾಸ್ತಿ ಇತ್ತು. ಅರವತ್ತು ಜನ ಅಂದರೆ ಸಣ್ಣ ಲೆಕ್ಕ. ಕುಣಿತ ಯಾವುದು, ತಿಕ್ಕಿದ್ದು ಯಾವುದು, ಜೊತೆಗೆ ಒಬ್ಬರು ಇದ್ದ ಧೈರ್ಯ ಯಾವುದು ಅಂತ ಬೇರೆ ಮಾಡುವುದೂ ಕಷ್ಟ. ಅವಳೇ ಅದನ್ನು ಹೇಳಿದಳು.

ಎದ್ದು ಓಡಾಡುವುದರ ಬಗ್ಗೆ ಮಾತ್ರ ಲೆಕ್ಕ ದೊಡ್ಡದೇ ಇದೆ. ಐದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಬೇರೆ ಬೇರೆ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2013ರಲ್ಲಿ ಒಂದು ಪರಿಶೀಲನೆ ಬಂತು. ನಿಂತು, ಕೂತು, ನಡೆದಾಡಿಕೊಂಡು ಇದ್ದವರಿಗೆ ಹೆರಿಗೆಯ ಮೊದಲ ಹಂತ ಸರಾಸರಿ ಒಂದು ಗಂಟೆಗಿಂತ ಜಾಸ್ತಿಯೇ ಮೊಟಕಾಗಿತ್ತು. ಮೊದಲ ಹಂತ ಅಂದರೆ ಗರ್ಭಕೋಶದ ಬಾಯಿ ತೆರೆದುಕೊಳ್ಳುವ ಕಾಲ. ನನ್ನ ಹದಿನಾಲ್ಕು ಗಂಟೆ ನೆನೆದರೆ, ಆ ಒಂದು ಗಂಟೆಯನ್ನು ಯಾರಾದರೂ ಮಾರುತ್ತೀನಿ ಅಂದಿದ್ದರೆ ಕೊರಳಿನ ಸರ ಬಿಚ್ಚಿ ಕೊಡುತ್ತಿದ್ದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ತೊಂದರೆ ಇಲ್ಲದ ಬಸುರಿಯರು ಓಡಾಡಿಕೊಂಡು ಇರಲಿ, ತಮಗೆ ಬೇಕಾದ ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳಲಿ ಅಂದಿತು. ನೋವಿಗೆ ಉಸಿರಾಟ, ಸಂಗೀತ, ಮಸಾಜು ಬಯಸಿದರೆ ಅದೂ ಆಗಬಹುದು ಅಂತ ಸೇರಿಸಿತು. ನಮ್ಮಲ್ಲಿ ಅದಕ್ಕೂ ಮೊದಲೇ, 2016ರಲ್ಲೇ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ರೂಮಿಗೆ ಜೊತೆಗಾತಿಯೊಬ್ಬರನ್ನು ಬಿಡಬಹುದು ಅಂತ ಹೇಳಿತ್ತು. ಹೇಳುವುದು ಒಂದು, ಬಾಗಿಲಲ್ಲಿ ನಿಂತ ಆಯಾ ಬಿಡುವುದು ಇನ್ನೊಂದು.

ಹೀಗೆ ನಾನು ತಯಾರಿ ಶುರು ಮಾಡಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ. ಸಂಜೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಡ್ಯಾನ್ಸು. ಸರಸ್ವತಿಪುರಂನಲ್ಲಿ ನಾನು ಏಳನೇ ವಯಸ್ಸಿನಿಂದ ಹತ್ತು ವರ್ಷ ಭರತನಾಟ್ಯ ಕಲಿತಿದ್ದೆ. ಜೂನಿಯರ್ ಪರೀಕ್ಷೆ ಪಾಸು, ಸೀನಿಯರ್‌ಗೆ ಕಟ್ಟಿ ಬಿಟ್ಟವಳು. ಆದರೂ ಅರಮಂಡಿ ಮೈಯಲ್ಲಿ ಇತ್ತು. ಕಾಲು ಹೊರಕ್ಕೆ ತಿರುಗಿಸಿ, ಮಂಡಿ ಅಗಲಿಸಿ, ಅರ್ಧ ಕೂತ ಭಂಗಿ. ಹೆರಿಗೆಗೆ ಇದಕ್ಕಿಂತ ಒಳ್ಳೆಯದು ಉಂಟೇ ಅಂತ ನನಗೆ ಹೆಮ್ಮೆ. ಎಂಟನೇ ತಿಂಗಳ ಹೊಟ್ಟೆ ಹೊತ್ತು ಕನ್ನಡಿ ಮುಂದೆ ತಟ್ಟಡವು ಹಾಕುತ್ತಿದ್ದೆ. ಕೆಳಗಿನ ಮನೆಯವರು ಒಂದು ದಿನ ಮೇಲೆ ಬಂದು "ಏನು ಕುಟ್ತಾ ಇದ್ದೀರಾ?" ಅಂತ ಕೇಳಿದರು.

ಹಾಡಿನ ಪಟ್ಟಿ ಮಾಡಿದ್ದೂ ಆಗಲೇ. ಗರ್ಭದಲ್ಲಿರುವ ಮಗುವಿಗೆ ಸಂಸ್ಕಾರ ಕೊಡುತ್ತೇವೆ ಅಂತ ಮಾರುವ ಸಿಡಿ, ಆ್ಯಪು ಈಗ ಎಷ್ಟೊಂದು ಇವೆ. ಮಗು ಜಾಣ ಆಗುತ್ತದಂತೆ. ಆರನೇ ತಿಂಗಳು ಕಳೆದ ಮೇಲೆ ಹೊಟ್ಟೆಯೊಳಗಿನ ಮಗುವಿಗೆ ಹೊರಗಿನ ಸದ್ದು ಕೇಳಿಸುವುದು ನಿಜ. ಅದರಿಂದ ಪಿಯುಸಿಯಲ್ಲಿ ಮಾರ್ಕ್ಸು ಬರುವುದು ಸುಳ್ಳು. ಆ ಸಿಡಿಗಳಲ್ಲಿ ತಾಯಿಗೆ ಏನು ಬೇಕು ಅಂತ ಯಾರೂ ಕೇಳುವುದೇ ಇಲ್ಲ ನೋಡಿ. ಡಾಕ್ಟರ ಜೊತೆ ಸ್ಟೆಪ್ ಹಾಕುವ ಬಸುರಿಯರ ವಿಡಿಯೊ ನೀವೂ ನೋಡಿರಬಹುದು. ಬ್ರೆಜಿಲ್‌ನ ಒಬ್ಬ ಹೆರಿಗೆ ಡಾಕ್ಟರು ಹಾಗೆ ಕುಣಿದೇ ಜಗತ್ತಿಗೆಲ್ಲ ಗೊತ್ತಾದರು. ಅದನ್ನು ನೋಡಿ ನನಗೂ ಆಸೆ ಹುಟ್ಟಿದ್ದು ಹೌದು. ಆದರೆ ಆ ವಿಡಿಯೊಗಳಲ್ಲಿ ಯಾವ ಹೆಂಗಸೂ ಮಧ್ಯದಲ್ಲಿ ಗೋಡೆ ಹಿಡಿದು ಹಲ್ಲು ಕಚ್ಚಿ ನಿಲ್ಲುವುದಿಲ್ಲ. ಆ ಒಂದು ನಿಮಿಷವನ್ನು ಕತ್ತರಿಸಿ ತೆಗೆದಿರುತ್ತಾರೆ. ಹೆರಿಗೆ ಅಂದರೆ ಆ ಒಂದು ನಿಮಿಷವೇ.

2018ರ ಡಿಸೆಂಬರ್. ಧನುರ್ಮಾಸ ಶುರುವಾಗಿ ಕೆಲವೇ ದಿನ ಆಗಿತ್ತು. ರಾತ್ರಿ ಊಟದ ಹೊತ್ತಿಗೆ ಸಣ್ಣಗೆ ನೋವು. ಹುಸಿನೋವು ಇರಬೇಕು ಅಂದುಕೊಂಡೆ. ಹನ್ನೆರಡರ ಹೊತ್ತಿಗೆ ಹುಸಿ ಅಲ್ಲ ಅಂತ ಗೊತ್ತಾಯಿತು. ಈ ಸಲ ಸೇರಿದ್ದು ಒಂದು ಸಣ್ಣ ನರ್ಸಿಂಗ್ ಹೋಮಿಗೆ. ಡಾಕ್ಟರಮ್ಮನ ಹತ್ತಿರ ಮೊದಲೇ ಕೇಳಿಕೊಂಡಿದ್ದೆ, ಒಬ್ಬರು ನನ್ನ ಜೊತೆ ಇರುತ್ತಾರೆ, ನಾನು ಓಡಾಡಿಕೊಂಡು ಇರುತ್ತೇನೆ ಅಂತ. ಅವರು ಒಪ್ಪಿದ್ದರು, ಒಂದು ಷರತ್ತಿನ ಮೇಲೆ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ನೋಡುತ್ತೇವೆ, ಮಲಗು ಅಂದರೆ ಎದುರು ಮಾತಾಡದೆ ಮಲಗಬೇಕು. ರಕ್ತ ಹೋದರೆ, ಬಿಪಿ ಏರಿದರೆ, ಮಗುವಿನ ಬಡಿತ ಇಳಿದರೆ ಕುಣಿತ ಬಂದ್. ನ್ಯಾಯವಾದ ಮಾತು.

ಅಮ್ಮನಿಗೆ ಬಿಪಿ, ಜೊತೆಗೆ ದೊಡ್ಡವನನ್ನು ನೋಡಿಕೊಳ್ಳಬೇಕಿತ್ತು. ಅವಳು ಮನೆಯಲ್ಲಿ ಉಳಿದಳು. ನನ್ನ ಜೊತೆ ಒಳಗೆ ಬಂದದ್ದು ಗಂಡ, ಫೋನು, ಸ್ಪೀಕರು. ಎರಡೂವರೆ ಹಾಡಿಗೆ ಆ ಪ್ರಯೋಗ ಮುಗಿಯಿತು. ಅರಮಂಡಿಯ ಗತಿಯೂ ಅಷ್ಟೇ. ನೋವು ಬಂದಾಗ ಅರಮಂಡಿಗೆ ಇಳಿದೆ. ಬೆನ್ನು ನೆಟ್ಟಗೆ, ಸೊಂಟ ಅಲುಗದ ಹಾಗೆ, ಹತ್ತು ವರ್ಷ ಮೇಷ್ಟ್ರು ತಟ್ಟುಕೋಲಿನಲ್ಲಿ ಹೇಳಿಕೊಟ್ಟ ಹಾಗೇ. ತೊಡೆ ನಡುಗಿತು, ಉಸಿರು ನಿಂತಿತು, ನೋವು ಎರಡರಷ್ಟಾಯಿತು. ಗಂಡ ಬೆವರುತ್ತಾ ಹೊರಗೆ ಹೋಗಿ ಅವನ ಅಮ್ಮನನ್ನು ಕಳಿಸಿದ.

ನಮ್ಮತ್ತೆ ಹನಕೆರೆ ಹತ್ತಿರದ ಹಳ್ಳಿಯವರು. ಮದ್ದೂರಿಗೂ ಮಂಡ್ಯಕ್ಕೂ ನಡುವೆ. ವಯಸ್ಸಿನಲ್ಲಿ ಅವರೆಕಾಯಿ ಕಾಲ ಬಂದರೆ ಮೂಟೆ ಹೊತ್ತು ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಮೈಸೂರಿನ ದೇವರಾಜ ಮಾರುಕಟ್ಟೆಗೆ ಬರುತ್ತಿದ್ದವರು. ಡ್ಯಾನ್ಸು ಅಂದರೆ ಅವರಿಗೆ ಊರಹಬ್ಬದ ಪೂಜಾ ಕುಣಿತ, ಅದನ್ನು ಗಂಡಸರು ಕುಣಿಯುತ್ತಾರೆ. ಒಳಗೆ ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದ್ಯಾಕವ್ವ ಮರದ ಕೊರಡಂಗೆ ಬಿಗ್ಕೊಂಡಿದ್ದೀಯ? ಮಗ ಎಲ್ಲಿಂದ ಇಳೀಬೇಕು? ಸೊಂಟ ಆಡ್ಲಿ ಬುಡು."

ನನ್ನ ಎರಡೂ ಕೈ ಎತ್ತಿ ತಮ್ಮ ಕೊರಳಿಗೆ ಹಾಕಿಕೊಂಡರು. "ರಾಗಿಕಲ್ಲು ಬೀಸೋವಾಗ ಮೈ ಹೆಂಗೆ ಸುತ್ತುತದೆ, ಹಂಗೆ" ಅಂದರು. ನಾನು ಯಾವತ್ತೂ ರಾಗಿ ಬೀಸಿದವಳಲ್ಲ. ನಮ್ಮನೆಯಲ್ಲಿ ರಾಗಿಹಿಟ್ಟು ಮಿಲ್ಲಿನಿಂದ ಬರುತ್ತದೆ. ಆದರೂ ಅವರ ಮೈ ಸುತ್ತಿದ ಹಾಗೆ ನನ್ನದೂ ಸುತ್ತಿತು. ಬಲಕ್ಕೆ, ಹಿಂದಕ್ಕೆ, ಎಡಕ್ಕೆ, ಮುಂದಕ್ಕೆ. ದೊಡ್ಡ ಸುತ್ತು, ನಿಧಾನಕ್ಕೆ. ಅವರ ಮುಷ್ಟಿ ನನ್ನ ಬೆನ್ನಿನ ಬುಡದಲ್ಲಿ ಗಟ್ಟಿಯಾಗಿ ಒತ್ತುತ್ತಿತ್ತು. ನನ್ನ ಹತ್ತು ವರ್ಷದ ಪಾಠಕ್ಕೆ ಪೂರಾ ಉಲ್ಟಾ. ಸೊಂಟ ಆಡಿಸಿದರೆ ಮೇಷ್ಟ್ರು ಹೊಡೆಯುತ್ತಿದ್ದರು, ಇಲ್ಲಿ ಆಡಿಸದಿದ್ದರೆ ಬೈಗುಳ.

ಆಮೇಲೆ ಪದ ಶುರು ಮಾಡಿದರು. ಕಲ್ಲಿನ ಪದ. ಎರಡು ಸಾಲು ಹಾಡಿ ನಿಲ್ಲಿಸಿದರು. ಮುಂದಿನದು ಮರೆತುಹೋಗಿತ್ತು. ಕಲ್ಲು ಬೀಸುವುದು ಬಿಟ್ಟು ಮೂವತ್ತು ವರ್ಷ ಆಗಿದೆ, ಮರೆಯದೆ ಏನು ಮಾಡುತ್ತಾರೆ. ಆದರೆ ನನ್ನ ನೋವು ಅವರ ಮರೆವಿಗೆ ಕಾಯುವ ಹಾಗಿರಲಿಲ್ಲ. ಅವರು ಅದೇ ರಾಗದಲ್ಲಿ, ಅದೇ ಎಳೆತದಲ್ಲಿ, ಬಾಯಿಗೆ ಬಂದದ್ದು ಹೇಳುತ್ತಾ ಹೋದರು.

"ಹನಕೆರೆ ಬಂತವ್ವಾ... ಮಂಡ್ಯಾವು ಬಂತವ್ವಾ... ಯಲಿಯೂರು ಬಂತವ್ವಾ..."

ಬ್ಯಾಡರಹಳ್ಳಿ. ಪಾಂಡವಪುರ. ಶ್ರೀರಂಗಪಟ್ಟಣ. ನಾಗನಹಳ್ಳಿ. ಮೈಸೂರು.

ಎಂಟು ಸ್ಟೇಷನ್ನು. ಒಂದೊಂದಕ್ಕೆ ಒಂದು ಉಸಿರು, ಸೊಂಟದ ಒಂದು ಸುತ್ತು. ಕಲ್ಲಿನ ಪದದ ಸಾಲು ಇರುವುದೇ ಹಾಗೆ. ಉಸಿರು ಎಳೆದುಕೊಂಡು ಶುರು ಮಾಡಿದರೆ ಉಸಿರು ಪೂರ್ತಿ ಹೋಗುವವರೆಗೆ ಎಳೆಯುತ್ತದೆ. ಮೈಬಗ್ಗಿಸಿ ದುಡಿಯುವವರ ಹಾಡು ಅದು, ಉಸಿರು ಕಟ್ಟಿದರೆ ಕಲ್ಲು ನಿಂತುಹೋಗುತ್ತದೆ. ಹೆರಿಗೆ ಕ್ಲಾಸುಗಳಲ್ಲಿ ದುಡ್ಡು ಕೊಟ್ಟು ಕಲಿಯುವ ಉದ್ದನೆಯ ಉಸಿರು ಬಿಡುವ ವಿದ್ಯೆ ಇದರಲ್ಲಿ ಸುಮ್ನೆ ಸೇರಿಕೊಂಡಿದೆ.

ಜೋರಾದ ಒಂದು ನೋವು ಹೆಚ್ಚುಕಮ್ಮಿ ಒಂದು ನಿಮಿಷ ಇರುತ್ತದೆ. ಹನಕೆರೆಯಲ್ಲಿ ಶುರು. ಯಲಿಯೂರಿಗೆ ಏರುತ್ತದೆ. ಬ್ಯಾಡರಹಳ್ಳಿ, ಪಾಂಡವಪುರ ಸಹಿಸಲಾಗುವುದಿಲ್ಲ. ಶ್ರೀರಂಗಪಟ್ಟಣದ ಸೇತುವೆ ದಾಟಿತು ಅಂದರೆ ಇಳಿಯಿತು ಅಂತಲೇ. ನಾಗನಹಳ್ಳಿಗೆ ಬಂದಾಗ ಮುಖ ಒರೆಸಿಕೊಳ್ಳುವಷ್ಟು ಬಿಡುವು. ನಾಲ್ಕೈದು ಸಲ ಹೋಗಿಬಂದ ಮೇಲೆ ನನಗೆ ದಾರಿ ಪಾಠವಾಯಿತು. ಪಾಂಡವಪುರದಲ್ಲಿ ಸಾಯುತ್ತೀನಿ ಅನ್ನಿಸಿದಾಗಲೂ ಇನ್ನೊಂದೇ ಸ್ಟೇಷನ್ನು ಅಂತ ಗೊತ್ತಿರುತ್ತಿತ್ತು.

ನೋವು ಕಡಿಮೆ ಆಯಿತಾ ಅಂತ ತುಂಬಾ ಜನ ಕೇಳಿದ್ದಾರೆ. ಇಲ್ಲ. ಡ್ಯಾನ್ಸು, ಹಾಡು ನೋವನ್ನು ಓಡಿಸುತ್ತವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಆದದ್ದು ಬೇರೆ. ನೋವಿಗೆ ಒಂದು ಉದ್ದ ಸಿಕ್ಕಿತು. ಮೊದಲ ಸಲ ಅದು ಗೊತ್ತುಗುರಿ ಇಲ್ಲದೆ ನನ್ನ ಮೇಲೆ ಬೀಳುತ್ತಿತ್ತು. ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲದ್ದಕ್ಕೆ ಅದು ಹದಿನಾಲ್ಕು ಗಂಟೆಯ ಒಂದೇ ನೋವಾಗಿತ್ತು. ಈ ಸಲ ಎಂಟೆಂಟು ಸ್ಟೇಷನ್ನಿನ ಚೂರು. ಒಂದು ಚೂರನ್ನು ಯಾರು ಬೇಕಾದರೂ ನುಂಗಬಹುದು.

ಬೆನ್ನು ತಿಕ್ಕಿದ್ದಕ್ಕೆ ಮಾತ್ರ ನೋವೇ ಸ್ವಲ್ಪ ತಗ್ಗಿದ್ದು ನಿಜ ಇರಬೇಕು. ಬಾಗಿಲಿಗೆ ತಲೆ ಬಡಿದರೆ ಮೊದಲು ಏನು ಮಾಡುತ್ತೇವೆ? ಉಜ್ಜಿಕೊಳ್ಳುತ್ತೇವೆ. ಯಾಕೆ ಹಾಗೆ ಮಾಡಿದರೆ ಹಿತ ಅಂತ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಅನ್ನುವ ಇಬ್ಬರು 1965ರಲ್ಲಿ ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗೆ, ಒತ್ತುವ ತಿಕ್ಕುವ ಸುದ್ದಿ ಜಾಸ್ತಿ ಬಂದರೆ ನೋವಿನ ಸುದ್ದಿ ಮೇಲಕ್ಕೆ ಹೋಗುವುದಕ್ಕೆ ಆ ಗೇಟು ಅಷ್ಟು ಸಲೀಸಾಗಿ ತೆರೆಯುವುದಿಲ್ಲ. ನಮ್ಮ ಮನೆ ಹತ್ತಿರದ ರೈಲ್ವೆ ಗೇಟಿನ ಹಾಗೆ ಅಂದುಕೊಳ್ಳಿ. ನಿಂತು ಆಡುವಾಗ ಇನ್ನೂ ಒಂದು ಅನುಕೂಲ. ಮಗುವಿನ ತಲೆ ತನ್ನ ತೂಕದಲ್ಲೇ ಕೆಳಕ್ಕೆ ಒತ್ತುತ್ತದೆ, ಆ ಒತ್ತಡಕ್ಕೆ ಆಕ್ಸಿಟೋಸಿನ್ ಇನ್ನೂ ಬಿಡುಗಡೆ ಆಗುತ್ತದೆ. ಬಸುರಿನಲ್ಲಿ ಸೊಂಟದ ಮೂಳೆಗಳ ಕೀಲು ಸಡಿಲ ಆಗಿರುತ್ತದೆ. ಮಲಗಿದರೆ ಬೆನ್ನಿನ ಬುಡದ ಮೂಳೆ ಮಂಚಕ್ಕೆ ಒತ್ತಿಕೊಂಡು ಅದಕ್ಕೆ ಜರುಗಲು ಜಾಗವೇ ಇರುವುದಿಲ್ಲ. ಅತ್ತೆಗೆ ಇದ್ಯಾವುದೂ ಗೊತ್ತಿಲ್ಲ. "ಗೂಟ ಕೀಳ್ಬೇಕಾದ್ರೆ ಅತ್ಲಾಗೆ ಇತ್ಲಾಗೆ ಆಡಿಸಲ್ವಾ?" ಅಂದರು ಅಷ್ಟೇ.

ಬೆಳಗಿನ ಜಾವ ಐದಕ್ಕೆ ಹಿಂದಿನ ಬೀದಿಯ ದೇವಸ್ಥಾನದಲ್ಲಿ ಧನುರ್ಮಾಸದ ಮೈಕು ಶುರುವಾಯಿತು. ಕಿಟಕಿ ಗಾಜು ಅದುರುವಷ್ಟು. ಸಿಸ್ಟರ್ ಓಡಿಬಂದು "ಕಿಟಕಿ ಹಾಕ್ಲಾ ಮೇಡಂ?" ಅಂದರು. ನಾನು ಉತ್ತರ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ, ಯಲಿಯೂರಿನಲ್ಲಿದ್ದೆ. ಅತ್ತೆ ಮೈಕಿಗಿಂತ ಜೋರಾಗಿ ಹಾಡಿದರು. ಎರಡು ನೋವು ಕಳೆದ ಮೇಲೆ ನೋಡಿದರೆ ಸಿಸ್ಟರ್ ಮಂಚದ ಕಂಬಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಾರೆ. ಮಳವಳ್ಳಿ ಕಡೆಯವರಂತೆ. "ನಮ್ಮೂರಿಗೆ ರೈಲೇ ಇಲ್ಲ ಅಮ್ಮ" ಅಂತ ಅತ್ತೆ ಹತ್ತಿರ ದೂರಿದರು.

ಕೊನೆಯ ಹೊತ್ತಿನಲ್ಲಿ ಹಾಡೂ ಇಲ್ಲ, ಕುಣಿತವೂ ಇಲ್ಲ. ಒಂಬತ್ತು ಸೆಂಟಿಮೀಟರ್ ತೆರೆದಿದೆ ಅಂದಾಗ ನಾನು ನನಗೆ ಆಗುವುದಿಲ್ಲ, ಬೆನ್ನಿಗೆ ಇಂಜೆಕ್ಷನ್ ಕೊಡಿ, ಆಪರೇಷನ್ ಮಾಡಿ, ಏನಾದರೂ ಮಾಡಿ ಅಂತ ಅತ್ತೆಯ ಕುಪ್ಪಸ ಹಿಡಿದು ಎಳೆದೆ. ಇಂಜೆಕ್ಷನ್ನಿಗೆ ಹೊತ್ತು ಮೀರಿದೆ ಅಂದರು ಡಾಕ್ಟರಮ್ಮ. ಹೊತ್ತು ಇದ್ದಿದ್ದರೆ ಖಂಡಿತ ತಗೊಳ್ಳುತ್ತಿದ್ದೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಎಪಿಡ್ಯೂರಲ್ ತಗೊಂಡವರು, ಸಿಸೇರಿಯನ್ ಆದವರು ಏನೋ ಕಮ್ಮಿ ಅನ್ನುವ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇಪ್ಪತ್ತು ನಿಮಿಷ ಮುಕ್ಕಿದೆ. ಬಾಯಿ ತುಂಬಾ ಕೂಗಿದೆ. ಈ ಸಲ ಯಾರೂ ಏನೂ ಅನ್ನಲಿಲ್ಲ. ಮಗಳು ಹುಟ್ಟಿದಳು.

ಮೂರನೇ ದಿನವೋ ನಾಲ್ಕನೇ ದಿನವೋ, ಹೊರಡುವ ಹೊತ್ತಿಗೆ, ಸೂಲಗಿತ್ತಿ ನರಸಮ್ಮ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. ಪಾವಗಡದ ಕಡೆಯವರು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಒಂದು ಪೈಸೆ ಮುಟ್ಟದೆ. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. ನಾನು ಜೋರಾಗಿ ಓದಿ ಹೇಳಿದೆ. ಹಳೆಯ ಕಾಲ ಎಷ್ಟು ಚೆನ್ನಾಗಿತ್ತು ಅಂತ ಅತ್ತೆ ಹೇಳುತ್ತಾರೆ, ಅದನ್ನು ಇಟ್ಟುಕೊಂಡು ಒಂದು ಚಂದದ ಲೇಖನ ಬರೆಯಬಹುದು ಅಂತ ನನ್ನ ಮನಸ್ಸಿನಲ್ಲಿ ಆಗಲೇ ಲೆಕ್ಕ ನಡೆದಿತ್ತು. ಬಾಣಂತಿಗೂ ಬ್ಲಾಗಿನ ಚಟ ಬಿಡುವುದಿಲ್ಲ.

ಅತ್ತೆ ಮಗುವಿನ ಕಾಲು ನೀವುತ್ತಿದ್ದರು. "ನಂಗೂ ಒಬ್ಬಳು ಇದ್ಲು ಕಣವ್ವ, ನಿನ್ನ ಗಂಡನಿಗಿಂತ ಮೊದಲು" ಅಂದರು. ಮದುವೆಯಾಗಿ ಎಂಟು ವರ್ಷದಲ್ಲಿ ನಾನು ಕೇಳಿಯೇ ಇರದ ಸುದ್ದಿ. ಹಟ್ಟಿಯಲ್ಲೇ ಹೆರಿಗೆ. ಎರಡು ದಿನ ನೋವು. ಸೂಲಗಿತ್ತಿ ಒಳ್ಳೆಯವಳೇ, ಕೈಗುಣ ಇದ್ದವಳೇ. ಪಕ್ಕದ ಮನೆಯ ಮೂವರು ಹೆಂಗಸರು ಸರದಿಯ ಮೇಲೆ ಬೆನ್ನು ತಿಕ್ಕಿದರು, ಪದ ಹೇಳಿದರು, ತೊಲೆಗೆ ಹಗ್ಗ ಕಟ್ಟಿ ಹಿಡಿದುಕೊಂಡು ನಿಲ್ಲಿಸಿದರು. "ಪದ ಹೇಳ್ಕೊಂಡೇ ಹೆತ್ತೆ. ಕೂಸು ಅಳನೇ ಇಲ್ಲ. ಉಳೀನಿಲ್ಲ." ಮಂಡ್ಯದ ಆಸ್ಪತ್ರೆಗೆ ಹೋಗುವುದಕ್ಕೆ ಆ ರಾತ್ರಿ ಗಾಡಿ ಸಿಕ್ಕಿರಲಿಲ್ಲ. ಅದಕ್ಕೇ ನನ್ನ ಗಂಡ ಹುಟ್ಟುವಾಗ ಒಂದು ವಾರ ಮೊದಲೇ ಮಂಡ್ಯಕ್ಕೆ ಹೋಗಿ ನೆಂಟರ ಮನೆಯಲ್ಲಿ ಕೂತಿದ್ದರಂತೆ.

ಲೇಖನದ ಲೆಕ್ಕ ಅಲ್ಲಿಗೆ ಕೆಟ್ಟಿತು. ಕೆಟ್ಟದ್ದು ಒಳ್ಳೆಯದಾಯಿತು. ಕರ್ನಾಟಕದಲ್ಲಿ 2018ರಿಂದ 20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ ತೀರಿಕೊಂಡ ತಾಯಂದಿರು 69. ಅದೇ ಹೊತ್ತಿನಲ್ಲಿ ಇಡೀ ದೇಶದ ಲೆಕ್ಕ 97. ಅತ್ತೆಯ ಕಾಲದಲ್ಲಿ ಇದರ ಎಷ್ಟೋ ಪಟ್ಟು ಇತ್ತು. ಆಸ್ಪತ್ರೆ, ರಕ್ತ, ಇಂಜೆಕ್ಷನ್, ಹೊತ್ತಿಗೆ ಸರಿಯಾಗಿ ಆಪರೇಷನ್, ಇವುಗಳಿಂದ ಇಳಿದದ್ದು ಅದು. ಹಾಡಿನಿಂದ ಅಲ್ಲ. ಹಾಗಿದ್ದೂ ಹಳ್ಳಿಯಿಂದ ಆಸ್ಪತ್ರೆಗೆ ಬರುವಾಗ ಆ ಮೂವರು ಹೆಂಗಸರನ್ನು ಗೇಟಿನ ಆಚೆ ಯಾಕೆ ಬಿಟ್ಟು ಬಂದೆವು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಅವರು ಯಾರಿಗೂ ಅಡ್ಡ ಇರಲಿಲ್ಲ. ಹೆಂಗಸಿನ ಜೊತೆ ಕೊನೆಯವರೆಗೆ ಒಬ್ಬರು ಇದ್ದರೆ ಹೆರಿಗೆ ಬೇಗ ಆಗುತ್ತದೆ, ಸಿಸೇರಿಯನ್ ಕಮ್ಮಿ ಆಗುತ್ತದೆ ಅಂತ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳನ್ನು ಕೂಡಿಸಿ 2017ರಲ್ಲಿ ಲೆಕ್ಕ ಹಾಕಿದ್ದಾರೆ. ನರಸಮ್ಮನವರ ಹೆರಿಗೆಗಳೂ ಅಷ್ಟೇ ಅಲ್ವಾ, 15 ಸಾವಿರ. ಸುಮ್ನೆ ನೆನಪಾಯಿತು.

ಮೂರು ತಿಂಗಳು ಕಳೆದ ಮೇಲೆ ಮಗುವನ್ನು ಎತ್ತಿಕೊಂಡು ಅತ್ತೆಯ ಊರಿಗೆ ಹೋಗಿ, ಎರಡು ದಿನ ಇದ್ದು, ಪ್ಯಾಸೆಂಜರ್ ರೈಲಿನಲ್ಲಿ ವಾಪಸ್ ಬಂದೆವು. ಹಿತ್ತಲಲ್ಲಿ ರಾಗಿಕಲ್ಲು ಇನ್ನೂ ಇದೆ, ಮೇಲಿನ ಹೋಳಿನ ಮೇಲೆ ತುಳಸಿ ಕುಂಡ ಇಟ್ಟಿದ್ದಾರೆ. ಹನಕೆರೆಯಲ್ಲಿ ಹತ್ತಿದಾಗ ಸೀಟಿರಲಿಲ್ಲ, ಮಗು ಎದೆಗೆ ಹಾಕಿಕೊಂಡು ನಿಂತೆ. ಮಂಡ್ಯದಲ್ಲಿ ಅತ್ತೆಗೆ ಸೀಟು ಸಿಕ್ಕಿತು. ಯಲಿಯೂರು ಬಂತು. ಬೋರ್ಡು ಕಂಡದ್ದೇ ನನಗೆ ಗೊತ್ತಿಲ್ಲದ ಹಾಗೆ ಸೊಂಟ ಸಣ್ಣಗೆ ಸುತ್ತತೊಡಗಿತು. ಬ್ಯಾಡರಹಳ್ಳಿಗೆ ಉಸಿರು ಉದ್ದವಾಯಿತು. ಪಾಂಡವಪುರದಲ್ಲಿ ಕಣ್ಣು ಮುಚ್ಚಿದ್ದೆ ಅನ್ನಿಸುತ್ತದೆ.

"ಮಗು ಆಗಲೇ ಮಲಗಿದೆ ಕಣಮ್ಮ, ಇನ್ನೂ ಯಾಕೆ ತೂಗ್ತೀಯಾ?" ಅಂದರು ಎದುರಿಗಿದ್ದ ಅಜ್ಜಿ.

ಅತ್ತೆ ಕಿಟಕಿಯಿಂದ ತಲೆ ಈಚೆ ತರಲಿಲ್ಲ. "ಬುಡವ್ವ ಅತ್ಲಾಗೆ" ಅಂದರು, "ಪಟ್ಣ ದಾಟ್ಲಿ."